ಪುಸ್ತಕ ಮೇಳಗಳಲ್ಲಿ ಕಾಮಿಕ್ಸ್ ಕಲಾವಿದರಿಗೂ ಒಂದು ಮೇಜು ಸಿಗಲಿ

ಮಾನ್ಯ ಸಂಪಾದಕರೆ,

ಕಳೆದ ತಿಂಗಳು ಜಿಲ್ಲಾ ಕೇಂದ್ರವೊಂದರಲ್ಲಿ ನಡೆದ ಎರಡು ದಿನಗಳ ಸಾಹಿತ್ಯೋತ್ಸವದಲ್ಲಿ, ನಾನೇ ಬರೆದು, ಚಿತ್ರಿಸಿ, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕನ್ನಡ ಕಾಮಿಕ್ಸ್ ಪುಸ್ತಕವನ್ನು ಮಾರಲು ಮಳಿಗೆ ಹಿಡಿದಿದ್ದೆ. ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವ ಕುಟುಂಬವೊಂದರ ಕಥೆಯಿರುವ ಆ ಪುಸ್ತಕ 32 ಪುಟಗಳದ್ದು, ಬೆಲೆ 80 ರೂಪಾಯಿ. ಅಲ್ಲಿನ ಅನುಭವವನ್ನು ಇಂಥ ಉತ್ಸವಗಳ ಸಂಘಟಕರು ಗಮನಿಸಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ತೊಡಕು ಅರ್ಜಿಯಲ್ಲೇ ಎದುರಾಯಿತು. ಅದರಲ್ಲಿದ್ದದ್ದು ‘ಪ್ರಕಾಶಕರು’ ಮತ್ತು ‘ಪುಸ್ತಕ ಮಾರಾಟಗಾರರು’ ಎಂಬ ಎರಡೇ ಕಲಂ. ಹತ್ತಕ್ಕೆ ಹತ್ತು ಅಡಿಯ ಮಳಿಗೆಗೆ 5,000 ರೂಪಾಯಿ ಬಾಡಿಗೆ. ನೂರಾರು ಶೀರ್ಷಿಕೆಗಳಿರುವ ಪ್ರಕಾಶನ ಸಂಸ್ಥೆಗೆ ಇದು ಹೊರೆಯಾಗದಿರಬಹುದು, ಆದರೆ ಒಂದೇ ಪುಸ್ತಕದೊಂದಿಗೆ ಬಂದವನಿಗೆ ಅಷ್ಟು ಜಾಗವೂ ಬೇಡ, ಅಷ್ಟು ಬಾಡಿಗೆ ಕೊಡುವ ಶಕ್ತಿಯೂ ಇಲ್ಲ. ಇನ್ನಿಬ್ಬರು ಕಲಾವಿದರೊಂದಿಗೆ ಮಳಿಗೆ ಹಂಚಿಕೊಳ್ಳುತ್ತೇನೆಂದರೆ ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಎರಡು ದಿನಗಳಲ್ಲಿ 71 ಪ್ರತಿಗಳು ಮಾರಾಟವಾಗಿ 5,680 ರೂಪಾಯಿ ಕೈಸೇರಿತು. ಬಾಡಿಗೆ ಕಳೆದು ಉಳಿದ 680 ರೂಪಾಯಿಯಲ್ಲಿ ಅಚ್ಚಿನ ಖರ್ಚು ಹಾಗಿರಲಿ, ಊಟ ವಸತಿಯ ಖರ್ಚೂ ಹುಟ್ಟಲಿಲ್ಲ.

ಆದರೂ ಆ 71 ಪ್ರತಿಗಳು ನನಗೆ ಸಣ್ಣ ಸಂಖ್ಯೆಯಲ್ಲ. ಭಾನುವಾರ ಮಧ್ಯಾಹ್ನ ಒಬ್ಬ ಅಜ್ಜಿ ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಾತಿನ ಗುಳ್ಳೆಗಳ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ಹರಿಗೋಲು ಸುಳಿಗೆ ಸಿಕ್ಕುವ ಪುಟ ಬಂದಾಗ ಹುಡುಗ ಅವರ ಕೈ ಸರಿಸಿ ತಾನೇ ಹಾಳೆ ತಿರುವಿದ. ಇಂಗ್ಲಿಷ್ ಶಾಲೆಯಲ್ಲಿ ಓದುವ ಅವನು ಕನ್ನಡ ಪುಸ್ತಕ ಮುಟ್ಟುವುದೇ ಇಲ್ಲವೆಂದು ಅಜ್ಜಿ ಹೇಳಿ, ಎರಡು ಪ್ರತಿ ಕೊಂಡರು.

ಹಲವರು ಇದು ಯಾವ ಭಾಷೆಯಿಂದ ಅನುವಾದವಾದದ್ದೆಂದು ಕೇಳಿದರು. ಆ ಪ್ರಶ್ನೆ ನನ್ನನ್ನು ನೋಯಿಸಿತು. ‘ಅಮರ ಚಿತ್ರಕಥೆ’ಯನ್ನು 1967ರಲ್ಲಿ ಆರಂಭಿಸಿದ ಅನಂತ ಪೈ ಕಾರ್ಕಳದವರು, ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದ ‘ಕೊರವಂಜಿ’ 1942ರಲ್ಲೇ ಹುಟ್ಟಿದ ಕನ್ನಡ ಪತ್ರಿಕೆ. ಇಂಥ ನಾಡಿನಲ್ಲಿ ಕನ್ನಡದಲ್ಲೇ ಹುಟ್ಟಿದ ಕಾಮಿಕ್ಸ್ ಅಪರೂಪದ ವಸ್ತುವಾಗಿದ್ದರೆ, ಅದು ಓದುಗರ ಕಣ್ಣಿಗೆ ಬೀಳುವ ಜಾಗವೇ ಇಲ್ಲದಿರುವುದೂ ಒಂದು ಕಾರಣ. ಇಲ್ಲಿನ ಕೆಲಸ ಅನುವಾದದಂಥದ್ದಲ್ಲ ಎಂಬುದಕ್ಕೆ ಅಕ್ಷರಗಳೇ ಸಾಕ್ಷಿ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು, ಹಾಗಾಗಿ ಗುಳ್ಳೆಯ ಅಳತೆಯನ್ನೂ ಪಾತ್ರ ನಿಲ್ಲುವ ಜಾಗವನ್ನೂ ಕನ್ನಡದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕಲಾವಿದರು ತಮ್ಮ ಕೃತಿಗಳೊಂದಿಗೆ ತಾವೇ ಕುಳಿತು ಜನರಿಗೆ ನೇರವಾಗಿ ಮಾರುತ್ತಾರೆ. ಜಪಾನಿನಲ್ಲಿ 1975ರಿಂದ ನಡೆಯುತ್ತಿರುವ ಕಾಮಿಕೆಟ್ ಮೇಳದಲ್ಲಿ ಸ್ವಂತವಾಗಿ ಪುಸ್ತಕ ಮಾಡುವ ಬಳಗಕ್ಕೆ ಸಾಮಾನ್ಯವಾಗಿ ಸಿಗುವುದು ಅರ್ಧ ಮೇಜು ಮಾತ್ರ, ಅಂದರೆ ಸುಮಾರು 90 ಸೆಂಟಿಮೀಟರ್ ಅಗಲದ ಜಾಗ. ನಮಗೂ ಅಷ್ಟೇ ಸಾಕು. ಹತ್ತಕ್ಕೆ ಹತ್ತು ಅಡಿಯ ಒಂದು ಮಳಿಗೆಯಲ್ಲಿ ಮೂರು ಬದಿಗೆ ಮೇಜು ಹಾಕಿದರೆ ಐದಾರು ಮಂದಿ ಕೂರಬಹುದು. ಬಾಡಿಗೆಯನ್ನು ಅವರಲ್ಲೇ ಹಂಚಿದರೆ ಸಂಘಟಕರಿಗೆ ಬರುವ ಹಣದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಮುಂದಿನ ಉತ್ಸವಗಳ ಅರ್ಜಿ ನಮೂನೆಯನ್ನು ಸಿದ್ಧಪಡಿಸುವವರು ಆ ಎರಡು ಕಲಂಗಳ ಕೆಳಗೆ ‘ಸ್ವತಂತ್ರ ಕಾಮಿಕ್ಸ್ ಕಲಾವಿದರು: ಹಂಚಿಕೆ ಮೇಜು’ ಎಂಬ ಮೂರನೆಯದನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಕಾಮಿಕ್ಸ್ ಕಲಾವಿದ, ದಾವಣಗೆರೆ