ಗೊಂಬೆಯಾಟಕ್ಕೆ ಕತ್ತಲು ಕೊಡದ ಕಲಾ ಹಬ್ಬ

ಸಂಪಾದಕರಿಗೆ ನಮಸ್ಕಾರ.

ಸೋಮವಾರದ ಪತ್ರಿಕೆಯಲ್ಲಿ ನಮ್ಮ ಬಡಾವಣೆಯ ಕಲಾ ಹಬ್ಬದ ಸುದ್ದಿ ಓದಿದೆ. ದೀಪ ಹಚ್ಚುವ ಫೋಟೊ ಇದೆ. ಹಚ್ಚಿದವರ ಹೆಸರು ಸಾಲಾಗಿ ಇದೆ. ಕೊನೆಗೆ, ಜನ ಮನಸಾರೆ ಆನಂದಿಸಿದರು ಅಂತ ಬರೆದಿದ್ದೀರಿ. ಆ ಜನರಲ್ಲಿ ನಾನೂ ಒಬ್ಬಳು. ನಾನು ಆನಂದಿಸಲಿಲ್ಲ, ನನ್ನ ಅವ್ವನೂ ಆನಂದಿಸಲಿಲ್ಲ. ನಿಮ್ಮ ವರದಿಗಾರರು ಭಾಷಣ ಮುಗಿಯುವಷ್ಟರಲ್ಲೇ ಎದ್ದು ಹೋಗಿರಬೇಕು. ಆಮೇಲೆ ಏನಾಯಿತು ಅಂತ ನಾನು ಹೇಳುತ್ತೇನೆ, ದಯವಿಟ್ಟು ಇದನ್ನೂ ಹಾಕಿ.

ಹಬ್ಬದ ಕರಪತ್ರ ವಾರದ ಹಿಂದೆಯೇ ಮನೆಮನೆಗೆ ಬಂದಿತ್ತು. ಭಾನುವಾರ ಬೆಳಿಗ್ಗೆ 10ಕ್ಕೆ ಮಕ್ಕಳಿಗೆ ಕಿನ್ನಾಳ ಗೊಂಬೆ ಮಾಡಲು ಕಲಿಸುವ ಶಿಬಿರ, ಸಂಜೆ 6ಕ್ಕೆ ತೊಗಲು ಗೊಂಬೆಯಾಟ, ಎಲ್ಲವೂ ಉಚಿತ. ನನಗೆ ನಿಜಕ್ಕೂ ಖುಷಿಯಾಗಿತ್ತು. ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ಅವ್ವನಿಗೆ ಅವತ್ತೇ ಫೋನ್ ಮಾಡಿ ಬಾ ಅಂದೆ. ಅವ್ವನಿಗೆ ಮೊಣಕಾಲು ನೋವು, ಬಸ್ ಹತ್ತುವುದೇ ಕಷ್ಟ. ಆದರೂ ಶಿಳ್ಳೇಕ್ಯಾತರ ಆಟ (ತೊಗಲು ಗೊಂಬೆಯಾಟಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ) ಅಂದ ಕೂಡಲೇ ಹೊರಟು ಬಂದಳು. ಅವಳು ಸಣ್ಣವಳಿದ್ದಾಗ ಮಳೆ ಕೈಕೊಟ್ಟ ವರ್ಷ ಊರವರು ವರಾಡ (ವಂತಿಗೆ) ಹಾಕಿ ಈ ಆಟ ಆಡಿಸುತ್ತಿದ್ದರಂತೆ. ಬೆಳಗಾಗುವವರೆಗೆ ಕೂತು ನೋಡುತ್ತಿದ್ದರಂತೆ.

ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಮದುವೆ ಮನೆಯ ಆರು ಬ್ಲೌಸು ಸೋಮವಾರ ಕೊಡಬೇಕಿತ್ತು. ಎಲ್ಲ ಬದಿಗಿಟ್ಟು ಮಗನನ್ನು ಕರೆದುಕೊಂಡು ಬೆಳಿಗ್ಗೆ ಪಾರ್ಕಿಗೆ ಹೋದೆ. ಕಿನ್ನಾಳದಿಂದ ಬಂದ ಕಲಾವಿದರು ನಮಗಿಂತ ಮೊದಲೇ ಬಂದು ಕೂತಿದ್ದರು. ಹಗುರ ಮರದಲ್ಲಿ ಕೆತ್ತಿದ ಗಿಳಿ, ಆನೆ, ಬಣ್ಣದ ಡಬ್ಬಿ, ಒಂದು ಡಬ್ಬಿ ತುಂಬ ಕಿಟ್ಟ ತಂದಿದ್ದರು. ಗೋಣಿಚೀಲದ ಚೂರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿಗೆ ಕಲಸಿದರೆ ಕಿಟ್ಟ ಆಗುತ್ತದೆ. ಗೊಂಬೆಯ ಭಾಗಗಳನ್ನು ಜೋಡಿಸಿದ ಮೇಲೆ ಅದನ್ನೇ ಮೈತುಂಬ ಬಳಿಯುತ್ತಾರೆ. ನನ್ನ ಮಗ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, 'ಅವ್ವಾ, ಇದು ಥೇಟ್ ಮಣ್ಣು ಇದ್ದಂಗ ಐತಿ' ಅಂದ. ಅಷ್ಟರಲ್ಲಿ ಇಬ್ಬರು ಬಂದು ಮಕ್ಕಳು ಕೂತಿದ್ದ ಜಮಖಾನ ಎತ್ತಿಸಿದರು. ಸಂಜೆ ವೇದಿಕೆಯ ಮುಂದೆ ಹಾಸಲು ಬೇಕಂತೆ. ಶಾಮಿಯಾನದ ಕೆಳಗೆ ಮೈಕ್ ಟೆಸ್ಟಿಂಗ್ ಶುರುವಾಯಿತು. ಮಕ್ಕಳೆಲ್ಲ ಬೇವಿನ ಮರದ ಕೆಳಗೆ, ಬರಿ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅಲ್ಲೂ ಬಿಸಿಲು ಬಂತು.

ಕೈ ತೊಳೆಯಲು ನೀರು ಬೇಡವೇ? ಪಾರ್ಕಿನ ನಲ್ಲಿಯಲ್ಲಿ ನೀರಿಲ್ಲ. ಈ ನಲ್ಲಿಯ ಬಗ್ಗೆ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಹೋದ ವರ್ಷ ಎರಡು ಸಲ ಅರ್ಜಿ ಕೊಟ್ಟಿದ್ದೇವೆ. ಒಬ್ಬರು ನಮಗೆ ಬರಲ್ಲ ಅಂದರು, ಇನ್ನೊಬ್ಬರು ಸಾಹೇಬರು ರಜೆ ಮೇಲೆ ಹೋಗಿದ್ದಾರೆ ಅಂದರು. ನಲ್ಲಿ ಹಾಗೇ ಇದೆ. ನಾನೇ ಮನೆಯಿಂದ ನಾಲ್ಕು ಕೊಡ ನೀರು ಹೊತ್ತು ತಂದೆ. 12ಕ್ಕೆ ಶಿಬಿರ ಮುಗಿಸಿ ಅಂದರು. ಮಕ್ಕಳು ಇನ್ನೂ ಬಣ್ಣವನ್ನೇ ಮುಟ್ಟಿರಲಿಲ್ಲ. ಎರಡೇ ತಾಸಿನಲ್ಲಿ ಕಿಟ್ಟ ಒಣಗುತ್ತದೆಯೇ? ಯಾಕೆ ಇಷ್ಟು ಅವಸರ ಅಂತ ಕೇಳಿದ್ದಕ್ಕೆ, ಸಂಘಟಕರಲ್ಲಿ ಒಬ್ಬರು ನನಗೆ ಹೇಳಿದ ಮಾತು ಇದು: 'ಪುಕ್ಕಟೆ ಐತಲ್ಲಕ್ಕಾ, ಇನ್ನೇನ್ ಬೇಕು?'

ಆ ಮಾತು ಈಗಲೂ ಕಿವಿಯಲ್ಲಿದೆ. ಪುಕ್ಕಟೆ ಅಂದರೆ ಹೇಗಾದರೂ ಮಾಡಿ ಮುಗಿಸಬಹುದಾ? ಅಲ್ಲಿ ಖರ್ಚಾದ ದುಡ್ಡು ಸಂಘಟಕರ ಜೇಬಿನದೇನೂ ಅಲ್ಲ. ನಮ್ಮ ಓಣಿಯಲ್ಲೇ ಮನೆಗೆ ಇನ್ನೂರು ರೂಪಾಯಿ ಎತ್ತಿದ್ದಾರೆ. ನಾನೂ ಕೊಟ್ಟಿದ್ದೇನೆ, ರಸೀದಿ ಇದೆ.

ಸಂಜೆ 6 ಗಂಟೆಗೆ ಅವ್ವನನ್ನು ಕೈಹಿಡಿದು ಕರೆದುಕೊಂಡು ಹೋದೆ. ಮುಂದಿನ ನಾಲ್ಕು ಸಾಲು ಕುರ್ಚಿ ಖಾಲಿ, ಆದರೆ ಕೂರುವಂತಿಲ್ಲ, ಗಣ್ಯರಿಗಂತೆ. ಗಣ್ಯರು ಬಂದದ್ದು ಪೌಣೆ ಎಂಟಕ್ಕೆ. ವೇದಿಕೆ ಮೇಲೆ ಹನ್ನೊಂದು ಜನ, ಹನ್ನೊಂದು ಶಾಲು, ಹನ್ನೊಂದು ಹಾರ. ಗೊಂಬೆಯಾಟದ ಮೇಳದವರು ಪೆಟ್ಟಿಗೆ, ಹಾರ್ಮೋನಿಯಂ, ಮದ್ದಲೆ ಇಟ್ಟುಕೊಂಡು ವೇದಿಕೆಯ ಹಿಂದೆ ಕಲ್ಲಿನ ಮೇಲೆ ಕೂತಿದ್ದರು. ಅವರಿಗೆ ಒಂದು ಲೋಟ ಚಹಾ ಕೊಟ್ಟಿದ್ದು ಪಕ್ಕದ ಮನೆಯವರು.

ಒಬ್ಬರು ಭಾಷಣದಲ್ಲಿ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ಬಹಳ ಹೊತ್ತು ಹೊಗಳಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದು ಜಿಲ್ಲೆಗೆ ಹೆಮ್ಮೆ, ತೊಗಲು ಗೊಂಬೆ ಉಳಿಯಬೇಕು ಅಂದರು. ನಮಗೂ ಹೆಮ್ಮೆಯೇ. ತೊಂಬತ್ತು ದಾಟಿದ ಆ ತಾಯಿ ಜೀವಮಾನವೆಲ್ಲ ಆ ಆಟ ಆಡಿಸಿದ್ದಾರೆ. ಇನ್ನೊಬ್ಬರು ಕಿನ್ನಾಳ ಗೊಂಬೆಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿದೆ ಅಂತ ಎರಡೆರಡು ಸಲ ಹೇಳಿದರು. ಇಷ್ಟೆಲ್ಲ ಗೊತ್ತಿದ್ದವರಿಗೆ ಕಲಾವಿದರು ಹಿಂದೆ ಕಾಯುತ್ತಿದ್ದಾರೆ ಅನ್ನುವುದು ಗೊತ್ತಿರಲಿಲ್ಲವೇ? ಮಕ್ಕಳಿಗೆ ಪ್ರಮಾಣಪತ್ರ ಕೊಡುವ ಹೊತ್ತಿಗೆ ಅರ್ಧ ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ದೆ ಹೋಗಿದ್ದರು. ಎಬ್ಬಿಸಿ ಎಬ್ಬಿಸಿ ಫೋಟೊ ತೆಗೆದರು.

ಗೊಂಬೆಯಾಟ ಶುರುವಾದಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು. ಇಪ್ಪತ್ತೇ ನಿಮಿಷ ಅಂತ ಮೈಕಿನಲ್ಲೇ ಹೇಳಿದರು. ಬಿಳಿ ಪರದೆ ಕಟ್ಟಿದರು, ಹಿಂದೆ ದೀಪ ಹಚ್ಚಿದರು, ಗಣಪತಿಯ ಗೊಂಬೆ ಇಟ್ಟು ಹಾಡು ಶುರು ಮಾಡಿದರು. ಪರದೆಯ ಮೇಲೆ ಏನೂ ಕಾಣಲಿಲ್ಲ. ವೇದಿಕೆಯ ಎರಡೂ ಕಡೆಯ ದೊಡ್ಡ ಫೋಕಸ್ ಲೈಟು ಆರಿಸಿಯೇ ಇರಲಿಲ್ಲ! ಆಡಿನ ಚರ್ಮವನ್ನು ತೆಳ್ಳಗೆ ಹದ ಮಾಡಿ ಬಣ್ಣ ಹಾಕಿದ ಗೊಂಬೆ ಅದು. ಹಿಂದಿನ ಬೆಳಕು ಅದರೊಳಗಿಂದ ಹಾಯ್ದು ಬಂದರೆ ಮಾತ್ರ ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಾಣುತ್ತದೆ. ಮುಂದಿನಿಂದ ಬೆಳಕು ಬಿದ್ದರೆ ಪರದೆ ಒಗೆದು ಒಣಹಾಕಿದ ಧೋತರ ಅಷ್ಟೇ. ಮೇಳದ ಹಿರಿಯರು ಹಾಡು ನಿಲ್ಲಿಸಿ, ಪರದೆಯ ಬದಿಯಿಂದ ತಲೆ ಹೊರಹಾಕಿ ಕೈಮುಗಿದು, 'ಲೈಟ್ ತೆಗಸ್ರೀ ಸಾಹೇಬ್ರ, ಗೊಂಬಿ ಕಾಣಂಗಿಲ್ಲ' ಅಂದರು. ಎರಡು ಸಲ ಅಂದರು. ಲೈಟಿನವನು ಊಟಕ್ಕೆ ಹೋಗಿದ್ದಾನೆ ಅಂತ ಉತ್ತರ ಬಂತು. ಕೆಳಗೆ ಗಣ್ಯರು ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು, ಅವರಿಗೆ ಬೆಳಕು ಬೇಕಿತ್ತು.

ನನ್ನ ಅವ್ವ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು, ನೋಡಿದಳು. 'ನನ್ನ ಕಣ್ಣ ಹೋಗ್ಯಾವೇನ ಯವ್ವಾ?' ಅಂತ ನನ್ನನ್ನು ಕೇಳಿದಳು. ಇಲ್ಲವ್ವಾ, ನಿನ್ನ ಕಣ್ಣು ಚೆನ್ನಾಗೇ ಇವೆ ಅಂದೆ. ಆಟದಲ್ಲಿ ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬರುವ ಮೊದಲೇ ಟೈಮ್ ಆಯ್ತು ಅಂತ ಮೈಕ್ ಬಂದ್ ಮಾಡಿದರು. ಮೇಳದವರು ಒಂದೊಂದೇ ಗೊಂಬೆಯನ್ನು ಒರೆಸಿ ಪೆಟ್ಟಿಗೆಗೆ ಇಟ್ಟುಕೊಂಡರು. ಆ ಹೊತ್ತಿನಲ್ಲಿ ಆಟೊ ಇಲ್ಲ. ಅವ್ವನನ್ನು ನಡೆಸಿಕೊಂಡೇ ಮನೆಗೆ ಬಂದೆ.

ಬರುವ ದಾರಿ ಪೂರ್ತಿ ಕತ್ತಲು. ನಮ್ಮ ಓಣಿಯ ಬೀದಿದೀಪ ಕೆಟ್ಟು ನಾಲ್ಕು ತಿಂಗಳಾಯಿತು. ಕಂಬದ ನಂಬರ್ ಸಮೇತ ಬರೆದುಕೊಟ್ಟಿದ್ದೇನೆ. ಮಾಡ್ತೀವಿ ಅಂತಾರೆ, ಯಾರೂ ಬರುವುದಿಲ್ಲ. ಚರಂಡಿಯ ಮೇಲಿನ ಕಲ್ಲು ಒಡೆದು ಯಾವ ಕಾಲವಾಯಿತು! ಅವತ್ತು ಅವ್ವನ ಕಾಲು ಅದರಲ್ಲೇ ಇಳಿಯುತ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು. ಮೇಲೆ ಕಾರ್ಖಾನೆಗಳ ಕರಿ ಧೂಳು ಬೇರೆ, ಒಗೆದ ಬಟ್ಟೆ ಹೊರಗೆ ಹಾಕುವಂತಿಲ್ಲ. ಬೆಳಕು ಬೇಕಾದ ಕಡೆ ಕತ್ತಲು, ಕತ್ತಲು ಬೇಕಾದ ಕಡೆ ಬೆಳಕು. ಇದು ಯಾವ ಆಡಳಿತ? ಕೊಪ್ಪಳ ಜಿಲ್ಲೆಯಾಗಿ 1997ರಿಂದ ಇಷ್ಟು ವರ್ಷ ಆದರೂ ಒಂದು ಪಾರ್ಕಿನ ನಲ್ಲಿಗೆ ನೀರು ತರಲು ಆಗದವರು ಕಲೆ ಉಳಿಸುವ ಮಾತು ಯಾಕೆ ಆಡಬೇಕು?

ಆ ಮೇಳದವರನ್ನು ಮತ್ತೆ ಕರೆಸಬೇಕು. ಇಡೀ ರಾತ್ರಿ ಬಿಟ್ಟುಕೊಡಬೇಕು, ಲೈಟು ಆರಿಸಬೇಕು, ಅವರಿಗೆ ಒಪ್ಪಿಕೊಂಡ ಸಂಭಾವನೆ ಪೂರ್ತಿ ಕೊಟ್ಟಿದ್ದಾರೋ ಇಲ್ಲವೋ ಅದನ್ನೂ ತಿಳಿಸಬೇಕು. ಆಗದಿದ್ದರೆ ಮುಂದಿನ ವರ್ಷ ಹಬ್ಬವೇ ಬೇಡ, ಭಾಷಣದ ಹಬ್ಬ ಅಂತಲೇ ಕರಪತ್ರ ಹಂಚಲಿ, ನಾವು ಮನೆಯಲ್ಲೇ ಇರುತ್ತೇವೆ. ಅಧಿಕಾರಿಗಳು ಬೀದಿದೀಪವನ್ನಾದರೂ ಹಾಕಿಸಲಿ. ಅವ್ವ ಮರುದಿನ ಬೆಳಿಗ್ಗೆಯೇ ಬಸ್ ಹತ್ತಿ ಊರಿಗೆ ಹೋದಳು. ಇನ್ನೊಮ್ಮೆ ಆಟ ಐತಿ ಬಾ ಅಂತ ಯಾವ ಮುಖ ಇಟ್ಟುಕೊಂಡು ಕರೆಯಲಿ? ನಾಚಿಕೆಯಾಗಬೇಕು ಇವರಿಗೆ.

— ಬಡಾವಣೆಯ ನಿವಾಸಿ, ಕೊಪ್ಪಳ