ಕಾಫಿ ಕುಯ್ಲು ಮುಗಿಯೋ ತನಕ ಹಾಡಿ ಮಕ್ಕಳು ನಮ್ ಜೊತೆ ಇರ್ಲಿ, ಕೈಜೋಡಿಸಿ

ಎಲ್ರಿಗೂ ನಮಸ್ಕಾರ. ಎಚ್.ಡಿ. ಕೋಟೆ, ಹುಣಸೂರು ಕಡೆ ಹಾಡಿಗಳಲ್ಲಿ, ಅಂದ್ರೆ ಬುಡಕಟ್ಟು ಜನರ ಕೇರಿಗಳಲ್ಲಿ, ಡಿಸೆಂಬರ್ ಬಂತು ಅಂದ್ರೆ ಬೆಳಗ್ಗೆ ಕತ್ತಲಲ್ಲೇ ಜೀಪು ಬಂದು ನಿಲ್ತವೆ, ಒಳಗೆ ಜಾಗ ಇಲ್ದೆ ಹಿಂದೆ ನೇತಾಡ್ಕೊಂಡು ಜನ ಕೊಡಗಿಗೆ ಕಾಫಿ ಕುಯ್ಯೋಕೆ ಹೋಗ್ತಾರೆ, ಕೆಲವ್ರು ಸಂಜೆ ವಾಪಸ್ ಬರ್ತಾರೆ, ಎಷ್ಟೋ ಕುಟುಂಬ ಪಾತ್ರೆ ಚಾಪೆ ಕಟ್ಕೊಂಡು ಮಕ್ಕಳ ಸಮೇತ ತೋಟದ ಕೂಲಿಯವ್ರ ಲೈನ್ ಮನೆ ಸೇರ್ಕೊಳ್ತಾರೆ. ನಮ್ ಶಾಲೆ ಹಾಜರಿ ಪುಸ್ತಕದಲ್ಲಿ ಆಮೇಲೆ ಬರೀ ಗೈರು.

ಇವ್ರು ಜೇನುಕುರುಬರು, ಯರವರು ಅನ್ನೋ ಬುಡಕಟ್ಟು ಜನ. 1972ರ ವನ್ಯಜೀವಿ ಕಾಯ್ದೆ ಆದ್ಮೇಲೆ ನಾಗರಹೊಳೆ ಕಾಡಿಂದ ಆಚೆ ಬಂದವ್ರ ಮಕ್ಕಳು ಮೊಮ್ಮಕ್ಕಳು ಇದಾರೆ ಇದ್ರಲ್ಲಿ. ಕೈಯಲ್ಲಿ ಜಮೀನಿಲ್ಲ. ಮದ್ವೆಗೋ ಆಸ್ಪತ್ರೆಗೋ ಅಂತ ತೋಟಕ್ಕೆ ಆಳು ಕರ್ಕೊಂಡ್ ಹೋಗೋ ಮೇಸ್ತ್ರಿ ಹತ್ರ ಅಡ್ವಾನ್ಸ್ ತಗೊಂಡ್ರೆ ಅದು ತೀರೋ ತನಕ ಬೇರೆ ತೋಟಕ್ಕೆ ಹೋಗಂಗಿಲ್ಲ. ಎಲ್ಲಾ ತೋಟದವ್ರೂ ಹಂಗಲ್ಲ, ಚೆನ್ನಾಗಿ ನೋಡ್ಕೊಳೋರೂ ಇದಾರೆ, ಆದ್ರೆ ಸಾಲ ಕೊಟ್ಟು ಮನುಷ್ಯರನ್ನ ಕಟ್ಟಾಕೋದಕ್ಕೆ ಜೀತ ಅಂತಾನೇ ಹೆಸ್ರು, 1976ರಲ್ಲೇ ಅದನ್ನ ನಿಷೇಧ ಮಾಡಿ ಅಂಥ ಸಾಲ ತೀರಿಸ್ಬೇಕಾಗಿಲ್ಲ ಅಂತ ಕಾನೂನಾಗಿದೆ. ಹಾಡೀಲಿ ಅದು ಎಷ್ಟ್ ಜನಕ್ಕೆ ಗೊತ್ತು ಹೇಳಿ?

ಆನೆ ಭಯ ಬೇರೆ. ಈಗ ಅವು ತೋಟದೊಳಗೇ ಇರ್ತವೆ, ಬೆಳಗ್ಗೆ ಮಂಜಲ್ಲಿ ಎದುರಿಗೆ ನಿಂತಿದ್ರೂ ಕಾಣಲ್ಲ. ಶುಂಠಿ ಹೊಲಕ್ಕೆ ಹೋಗೋರಂತೂ ಗ್ಲೌಸ್ ಮಾಸ್ಕ್ ಏನೂ ಇಲ್ದೆ ಔಷಧಿ ಹೊಡೀತಾರೆ, ಅಲ್ಲೇ ಟಾರ್ಪಾಲ್ ಶೆಡ್ಡಲ್ಲಿ ಮಲಗ್ತಾರೆ, ಕೂಸುಗಳೂ ಅಲ್ಲೇ.

ಹೋದ್ ವರ್ಷ ಐದನೇ ಕ್ಲಾಸ್ ಹುಡುಗಿ ಒಬ್ಳು ರಜೆಗೆ ಅಪ್ಪ ಅಮ್ಮನ ಹತ್ರ ಹೋದವ್ಳು ದಿನಾ ಎಷ್ಟ್ ಕೆಜಿ ಕುಯ್ದ್ರು ಅಂತ ತನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡ್ಳು. ವಾರದ ಕೊನೇಲಿ ನೋಡಿದ್ರೆ ತೋಟದ ಲೆಕ್ಕ ಬರೆಯೋ ರೈಟ್ರು ಪುಸ್ತಕದಲ್ಲಿ ಎರಡು ದಿನದ ಕುಯ್ಲೇ ಇಲ್ಲ. ಅಪ್ಪ ಆ ಪುಸ್ತಕ ಮುಂದಿಟ್ಟು ಕೇಳಿದ್ರು, ದುಡ್ಡು ಕೊಟ್ರು. ಅವತ್ತಿಂದ ಹಾಡಿಯವ್ರೇ ಬಂದು ಕೇಳ್ತಿದಾರೆ, ಮೇಷ್ಟ್ರೇ, ನಾವ್ ಹೋದಾಗ ಮಕ್ಕಳನ್ನ ಇಲ್ಲೇ ಇಟ್ಕೊಳ್ಳಿ, ಓದು ಬಿಡಿಸ್ಬೇಡಿ ಅಂತ.

ಅದಕ್ಕೇ ಈ ಸಲ ಡಿಸೆಂಬರಿಂದ ಮಾರ್ಚ್ ತನಕ ಶಾಲೆಯಲ್ಲೇ ಮಕ್ಕಳಿಗೆ ಊಟ, ಮಲಗೋ ವ್ಯವಸ್ಥೆ ಮಾಡ್ತಿದೀವಿ, ರಾತ್ರಿ ನೋಡ್ಕೊಳೋಕೆ ಹಾಡಿಯ ಇಬ್ರು ಅಜ್ಜಿಯರು ಒಪ್ಪಿದಾರೆ, ಅವ್ರಿಗೆ ಸಂಬಳ ಕೊಡ್ಲೇಬೇಕು, ಪುಗಸಟ್ಟೆ ದುಡಿಸ್ಕೊಂಡ್ರೆ ನಮ್ಗೂ ಆ ಮೇಸ್ತ್ರಿಗೂ ಏನ್ ವ್ಯತ್ಯಾಸ. 500 ರೂಪಾಯಿ ಆದ್ರೂ ಸರಿ, ರಸೀದಿ ಕಳಿಸ್ತೀವಿ. ದುಡ್ಡಿಲ್ದಿದ್ರೆ ಕಂಬಳಿ, ಅಕ್ಕಿ, ಟಾರ್ಚ್, ದೊಡ್ಡವ್ರಿಗೆ ಗ್ಲೌಸು, ಮನೆಗೊಂದು ಲೆಕ್ಕದ ಪುಸ್ತಕ, ಯಾವ್ದಾದ್ರೂ ಕೊಡಿ. ಜೀಪು ಬರೋಕೆ ಮುಂಚೆ ನಮ್ ಕೈ ಸೇರ್ಬೇಕು ಅಷ್ಟೇ.