ಮಗಳಿಗೊಂದು ಪತ್ರ: ನಿನ್ನ ಗೆಳತಿಯ ಸಿಗರೇಟಿನ ಬಗ್ಗೆ

ನಿಪ್ಪಾಣಿ

ಪ್ರೀತಿಯ ಮಗಳೇ,

ಟ್ಯೂಷನ್ ಮುಗಿದ ಮೇಲೆ ನಿನ್ನ ಗೆಳತಿ ಸಿಗರೇಟು ಸೇದುತ್ತಾಳೆ ಎಂದು ಫೋನಿನಲ್ಲಿ ಅಳುಕುತ್ತಲೇ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು. ಅವಳ ಸಹವಾಸ ಬಿಡು ಎಂದು ನಾನು ಹೇಳುವುದಿಲ್ಲ. ನೀನು ಬಿಟ್ಟರೆ ಅವಳ ಜೊತೆ ಉಳಿಯುವವರು ಕೂಡಿ ಸೇದುವವರು ಮಾತ್ರ.

"ಹುಡುಗಿಯಾಗಿ ಹೀಗೆ ಮಾಡಬಹುದೇ" ಎಂದು ಮಾತ್ರ ಅವಳನ್ನು ಕೇಳಬೇಡ. ಆ ಮಾತಿಗೆ ಹೆದರಿಯೇ ಎಷ್ಟೋ ಹುಡುಗಿಯರು ಬಿಡಬೇಕೆನಿಸಿದಾಗಲೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಸೇದಿದರೆ ಪರೀಕ್ಷೆಯ ಟೆನ್ಷನ್ ಇಳಿಯುತ್ತದೆ ಎನ್ನುತ್ತಾಳಂತೆ. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ಹಾಗೆಯೇ ಅನಿಸುತ್ತದೆ. ಹೊಗೆಯಲ್ಲಿರುವ ನಿಕೋಟಿನ್ ಅರೆ ನಿಮಿಷದೊಳಗೆ ಮಿದುಳು ಮುಟ್ಟುತ್ತದೆ, ಹಾಯೆನಿಸುತ್ತದೆ. ಕೆಲವು ಗಂಟೆಗಳಲ್ಲಿ ಅದು ಇಳಿದಾಗ ಸಿಡುಕು, ಚಡಪಡಿಕೆ. ಓದಿದ್ದು ತಲೆಗೆ ಹತ್ತುವುದಿಲ್ಲ. ಮತ್ತೊಂದು ಸೇದಿದಾಗ ಹೋಗುವುದು ಪರೀಕ್ಷೆಯ ಭಯವಲ್ಲ, ಹಿಂದಿನ ಸಿಗರೇಟು ತಂದಿಟ್ಟ ಚಡಪಡಿಕೆ. ನಿಮ್ಮ ವಯಸ್ಸಿನವರ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ ಚಟ ದೊಡ್ಡವರಿಗಿಂತ ಬೇಗ ಅಂಟುತ್ತದೆ. ದಿನವೂ ಸೇದದವರಿಗೂ ಅಂಟಬಹುದು. ಇದನ್ನು ಅವಳಿಗೆ ಸಮಾಧಾನದಿಂದ ಹೇಳು.

ನನಗೆ ಸಿಟ್ಟು ಬಂದದ್ದು ಅವಳಿಗೆ ಸಿಗರೇಟು ಮಾರುವ ಆ ಪಾನ್ ಅಂಗಡಿಯವನ ಮೇಲೆ. ಇಡೀ ಪ್ಯಾಕ್ ಕೊಳ್ಳುವಷ್ಟು ಹಣ ಮಕ್ಕಳ ಬಳಿ ಎಲ್ಲಿಂದ ಬರಬೇಕು? ಅದಕ್ಕೇ ಬಿಡಿಯಾಗಿ ಕೊಡುತ್ತಾನೆ. ಬಸ್ಸಿಗೆ ಕೊಟ್ಟದ್ದರಲ್ಲಿ ಉಳಿದ ಚಿಲ್ಲರೆ ಸಾಕಾಗುತ್ತದೆ. 2016ರಿಂದ ಪ್ಯಾಕಿನ ಎರಡೂ ಬದಿಯಲ್ಲಿ ಶೇ. 85ರಷ್ಟು ಜಾಗ ಎಚ್ಚರಿಕೆಯ ಚಿತ್ರ ಮತ್ತು ಬರಹಕ್ಕೇ ಮೀಸಲು. ಒಂದೇ ಒಂದು ಕೊಂಡ ಮಗುವಿನ ಕೈಗೆ ಆ ಚಿತ್ರ ಬರುವುದೇ ಇಲ್ಲ. ನಮ್ಮ ರಾಜ್ಯದಲ್ಲಿ ಈಗ 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿಯಾಗಿಯೂ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲಾಗಬಹುದು. ತಪ್ಪಿತಸ್ಥಳಂತೆ ತಲೆ ತಗ್ಗಿಸಬೇಕಾದವಳು ನಿನ್ನ ಗೆಳತಿಯಲ್ಲ.

ನಮ್ಮದು ತಂಬಾಕಿನ ಊರು. ನಿನ್ನ ಅಜ್ಜಿ ವಖಾರಿಯಲ್ಲಿ ದುಡಿದು ಸಂಜೆ ಬಂದು ಸೀರೆ ಕೊಡವಿದರೆ ನಾವು ಮಕ್ಕಳೆಲ್ಲ ಸೀನುತ್ತಿದ್ದೆವು. ಎಷ್ಟು ತೊಳೆದರೂ ಅವಳ ಕೈಯ ಘಾಟು ಹೋಗುತ್ತಿರಲಿಲ್ಲ. ಬಡಿದ ರೊಟ್ಟಿಗೂ ಅದೇ ಘಾಟು. ಆ ದುಡಿಮೆಯಿಂದಲೇ ನಾನು ಓದಿದ್ದು. ತಂಬಾಕನ್ನು ನಂಬಿ ಬದುಕುವವರ ಬಗ್ಗೆ ನನ್ನ ಬಾಯಿಂದ ಹಗುರವಾದ ಮಾತು ಬರುವುದಿಲ್ಲ. ಆದರೆ ಶಾಲೆಯ ಚೀಲ ಹೊತ್ತ ಮಗುವಿನ ಕೈಗೆ ಸಿಗರೇಟು ಇಟ್ಟು ಬೆಂಕಿಪೊಟ್ಟಣ ಚಾಚುವುದು ಹೊಟ್ಟೆಪಾಡಲ್ಲ.

ಭಾನುವಾರ ನಿನ್ನ ಅಪ್ಪ ಬೆಳಗಾವಿಗೆ ಬರುತ್ತಾರೆ. ಸೋಮವಾರ ಮುಖ್ಯೋಪಾಧ್ಯಾಯರನ್ನು ಕಂಡು ಅಂಗಡಿಯ ವಿಷಯ ಹೇಳುತ್ತಾರೆ, ಗೆಳತಿಯ ಹೆಸರು ಎತ್ತುವುದಿಲ್ಲ. ಚಟ ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ 1800-11-2356, ಅವಳಿಗೆ ಬರೆದುಕೊಡು. ಒಬ್ಬಳೇ ಮಾತನಾಡಲು ಹೆದರಿದರೆ ನೀನು ಪಕ್ಕದಲ್ಲಿ ಕುಳಿತುಕೋ. ಮುಂದಿನ ರಜೆಗೆ ಅವಳನ್ನೂ ಮನೆಗೆ ಕರೆದುಕೊಂಡು ಬಾ.

ನಿನ್ನ ಅವ್ವ